ಬಂಡೆನಾಯಕನ ಕೊನೆಯ ಮಾತು

ತಿಮ್ಮರಾಯಪ್ಪ ಕೃಷ್ಣಗಿರಿಯ ಕಲಾ ಸಂಘಕ್ಕೆ ಕಾರ್ಯದರ್ಶಿಯಾದ ಸುದ್ದಿ ತಂದಾಗ ಅವನ ತಮ್ಮ ಚಿಕ್ಕಮುನಿಯಪ್ಪ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ನಲವತ್ತಾರನೆಯ ಇಸವಿ, ದೀಪಾವಳಿ ಕಳೆದಿತ್ತು. ಹೊಸೂರಿನಿಂದ ನಡೆದು ಬಂದಿದ್ದ ಅಣ್ಣನ ಪಂಚೆಯ ಅಂಚೆಲ್ಲ ಧೂಳು. ಮುಖ ಮಾತ್ರ ಮದುವಣಿಗನ ಹಾಗೆ ಹೊಳೆಯುತ್ತಿತ್ತು.

"ಕಾರ್ಯದರ್ಶಿ ಅಂದ್ರೆ ಏನಣ್ಣ?" ಎಂದ ಚಿಕ್ಕಮುನಿಯಪ್ಪ, ಕೈ ಒರೆಸಿಕೊಳ್ಳುತ್ತ.

"ಸಂಘದ ಕೆಲ್ಸವೆಲ್ಲ ನಾನೇ ನೋಡ್ಕೊಳ್ಳೋದು ಕಣ್ಲಾ. ಯಾರು ಆಡ್ಬೇಕು, ಯಾರು ಹಾಡ್ಬೇಕು, ಯಾರ ಚಿತ್ರ ಗೋಡೆಗೆ ಏರ್ಬೇಕು, ಎಲ್ಲಾ."

"ಹಂಗಾರೆ ಬರಿಯಾಕೆ ಬಿಡುವು?"

"ಬರಿಯೋದೂ ಅದ್ರಾಗೇ ಸೇರ್ತು."

ಜಗಲಿಯಲ್ಲಿ ಹುಚ್ಚೆಳ್ಳು ಕೇರುತ್ತಿದ್ದ ತಾಯಿ ದೊಡ್ಡಮುನಿಯಮ್ಮ ಮೊರ ನಿಲ್ಲಿಸದೆ ಕೇಳಿದಳು: "ಅಲ್ಲೇ ಉಣ್ಣಾಕಿಕ್ತಾರಾ, ಇಲ್ಲಾ ಇಲ್ಲಿಂದ ಬುತ್ತಿ ಕಟ್ಬೇಕಾ?"

ಎಲ್ಲರೂ ನಕ್ಕರು. ಒಳಗಿನಿಂದ ತಿಮ್ಮರಾಯಪ್ಪನ ಹೆಂಡತಿ ವರಲಕ್ಷ್ಮಮ್ಮ ಚೊಂಬು ನೀರು ತಂದಿಟ್ಟಳು. ಅವಳ ಸೊಂಟದ ಮೇಲೆ ಮೈದುನನ ಮಗಳು, ಮೂರು ವರ್ಷದ ರಾಮಕ್ಕ ಕೂತಿದ್ದಳು. ವರಲಕ್ಷ್ಮಮ್ಮನಿಗೆ ಮಕ್ಕಳಾಗಿರಲಿಲ್ಲ. ಆ ಕೂಸು ಹೆತ್ತ ತಾಯಿ ಕದಿರಮ್ಮನಿಗಿಂತ ದೊಡ್ಡಮ್ಮನ ಸೊಂಟದಲ್ಲೇ ಹೆಚ್ಚು ಹೊತ್ತು ಇರುತ್ತಿತ್ತು.

ಸಾನಮಾವು ಕಾಡಿನ ಅಂಚಿನ ಆ ಹಳ್ಳಿಯಲ್ಲಿ ಓದು ಬರಹದ ಕಡೆ ಹೋದವನು ತಿಮ್ಮರಾಯಪ್ಪ ಒಬ್ಬನೇ. ಅವರ ಅಪ್ಪ ಸೊಣ್ಣಪ್ಪ ಊರಿನ ಬಯಲಾಟದ ಮೇಳಕ್ಕೆ ಗುರು. ಹುಡುಗನಾಗಿದ್ದಾಗಲೇ ತಿಮ್ಮರಾಯಪ್ಪ ಅಪ್ಪನ ಮೇಳಕ್ಕೆ ಹಾಲುವಾಣದ ಮರದಲ್ಲಿ ಕಿರೀಟ, ಭುಜಕೀರ್ತಿ ಕೆತ್ತಿ ಬಣ್ಣ ಬಳಿಯುತ್ತಿದ್ದ. ಆಮೇಲೆ ಒಂದು ನಾಟಕ ಕಂಪನಿಯವರು ಪರದೆ ಬರೆಯಲು ಕರೆದುಕೊಂಡು ಹೋದರು. ಊರೂರು ತಿರುಗಿ, ಅರಮನೆ, ಉದ್ಯಾನ, ಸಮುದ್ರದ ಪರದೆಗಳನ್ನು ಬರೆದು, ಅಲ್ಲಿಯ ನಟರ ಬಾಯಿಂದ ಗ್ರಂಥದ ಕನ್ನಡ ಕಲಿತು ಬಂದ. ಬಂದವನು ಕುಂಚ ಬಿಟ್ಟು ಲೇಖನಿ ಹಿಡಿದ. ಎರಡು ನಾಟಕ ಬರೆದ, ಬೆಂಗಳೂರಲ್ಲಿ ಅಚ್ಚಾದವು. ಆಮೇಲೆ ಹೊಸೂರಿನಲ್ಲಿ ಒಂದು ಕೋಣೆ ಹಿಡಿದು 'ಕೈದೀವಿಗೆ' ಎಂಬ ತಿಂಗಳ ಪತ್ರಿಕೆ ಶುರು ಮಾಡಿದ. ಯುದ್ಧದ ಕಾಲದಲ್ಲಿ ಕಾಗದ ಸಿಗದೆ ಅದು ತೆಳ್ಳಗಾಗುತ್ತಾ ಬಂದು, ಕೊನೆಕೊನೆಗೆ ಮದುವೆಯ ಕರೆಯೋಲೆಯಷ್ಟಾಗಿ ನಿಂತುಹೋಯಿತು. ಈಗ ಕಾರ್ಯದರ್ಶಿ.

ಇಷ್ಟೂ ವರ್ಷ ಹೊಲ ಉತ್ತವನು ಚಿಕ್ಕಮುನಿಯಪ್ಪ. ಅದಕ್ಕೆ ಅವನು ಎಂದೂ ಬೇಸರ ಮಾಡಿಕೊಂಡವನಲ್ಲ. ಅಣ್ಣನ ಪತ್ರಿಕೆ ಬಂದಾಗ ಅದನ್ನು ಮಡಿಸಿ ತಲೆಗೆ ಸುತ್ತಿದ ಪಟಕದೊಳಗೆ ಸಿಕ್ಕಿಸಿಕೊಂಡು ಸಂತೆಗೆ ಹೋಗಿ, "ನಮ್ಮಣ್ಣ ಮಾಡಿದ್ದು" ಎಂದು ಎಲ್ಲರಿಗೂ ತೋರಿಸಿ ಬರುತ್ತಿದ್ದ. ಅವನಿಗೆ ಓದಲು ಬರುತ್ತಿರಲಿಲ್ಲ.

ಅವನಿಗೆ ತನ್ನದು ಅಂತ ಇದ್ದದ್ದು ಒಂದೇ: ಬಂಡೆನಾಯಕನ ವೇಷ.

ಬಂಡೆನಾಯಕನ ಆಟ ಸೊಣ್ಣಪ್ಪ ಕಟ್ಟಿದ್ದು. ಕಾಡಂಚಿನ ಕೋಟೆಯೊಂದಕ್ಕೆ ದಂಡು ಬರುತ್ತದೆ. ಜನ, ದನ ಎಲ್ಲ ಹಿತ್ತಲ ದಾರಿಯಲ್ಲಿ ಕಾಡಿಗೆ ಹೋಗಿ ಬದುಕಿಕೊಳ್ಳಲಿ ಎಂದು ಬಂಡೆನಾಯಕ ಒಬ್ಬನೇ ಕೋಟೆ ಬಾಗಿಲಲ್ಲಿ ನಿಲ್ಲುತ್ತಾನೆ, ಅಲ್ಲೇ ಸಾಯುತ್ತಾನೆ. ಸೊಣ್ಣಪ್ಪ ಕಾಗದ ಮುಟ್ಟಿದವನಲ್ಲ, ಎಲ್ಲ ಬಾಯಲ್ಲೇ. ಊರಿನ ಜನ ಹೇಗೆ ಮಾತಾಡುತ್ತಿದ್ದರೋ ಆಟವೂ ಹಾಗೇ ಇತ್ತು: ಕನ್ನಡ, ತೆಲುಗು, ತಮಿಳು ಮೂರೂ ಕಲೆತು. "ಪೋರಾ ತಮ್ಮಾ ಪೋ! ಬಿಡ್ಡಲ್ನಿ ಎತ್ಕೋ, ಮಾಟ್ಟೆ ಓಟ್ಟಿಕ್ಕೋ! ನಾನಿರೋಗಂಟ ಈ ಬಾಗ್ಲು ಕಲ್ಲು!" ಎಂದು ಬಂಡೆನಾಯಕ ಗುಡುಗಿದರೆ, ಮಕ್ಕಳನ್ನು ಎತ್ತಿಕೋ, ದನ ಹೊಡೆದುಕೋ ಎಂದದ್ದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೊನೆಯಲ್ಲಿ, ಹುಡುಕಿಕೊಂಡು ಬಂದ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅವನು ಆಡುವ ಮಾತುಗಳಿಗೆ ಹೆಂಗಸರು ಸೆರಗು ಬಾಯಿಗಿಟ್ಟು ಅಳುತ್ತಿದ್ದರು. ಸೊಣ್ಣಪ್ಪ ತೀರಿಕೊಂಡ ಮೇಲೆ ಆ ವೇಷ ಕಿರಿಯ ಮಗನಿಗೆ ಬಂತು. ದನಿಯೂ ಅಪ್ಪನದೇ ಬಂತು.

"ಸಂಕ್ರಾಂತಿ ಆದ್ಮೇಲೆ ಕೃಷ್ಣಗಿರಿಯಾಗೆ ಸಂಘದ ಉತ್ಸವ. ಅಪ್ಪನ ಆಟ ಅಲ್ಲಿ ಆಡ್ಸಾಣ ಅಂತಿವ್ನಿ," ಎಂದ ತಿಮ್ಮರಾಯಪ್ಪ ಆ ದಿನ ಉಣ್ಣಲು ಕೂತಾಗ.

ದೊಡ್ಡಮುನಿಯಮ್ಮನ ಕೈಯಲ್ಲಿನ ಮುದ್ದೆ ಹಾಗೇ ನಿಂತಿತು. "ಯಾವ್ದು, ಬಂಡೆನಾಯಕಂದಾ?"

"ಹೂಂ. ಮದ್ರಾಸಿಂದ ದೊಡ್ಡೋರು ಬತ್ತಾರೆ. ಅಪ್ಪನ ಹೆಸ್ರು ಅಚ್ಚಾಗ್ತದೆ."

"ಏಸ ಯಾರ್ದು?" ಎಂದಳು ಕದಿರಮ್ಮ, ಗಂಡನ ಕಡೆ ನೋಡುತ್ತ.

"ಇನ್ಯಾರ್ದು? ಇವಂದೇ," ಎಂದು ತಿಮ್ಮರಾಯಪ್ಪ ತಮ್ಮನ ಬೆನ್ನು ತಟ್ಟಿದ. ಚಿಕ್ಕಮುನಿಯಪ್ಪ ತಲೆಯೆತ್ತಲಿಲ್ಲ. ಸಾರು ಸುರಿದುಕೊಳ್ಳುವ ನೆಪದಲ್ಲಿ ಕಣ್ಣು ಒರೆಸಿಕೊಂಡ.

ಮರುದಿನದಿಂದ ಕೆಲಸ ಶುರುವಾಯಿತು. ರಾಗಿ ಕೊಯ್ಲು ಮುಗಿದು ಕಣ ಹಾಕಿದ್ದರು. ಚಿಕ್ಕಮುನಿಯಪ್ಪ ಎತ್ತುಗಳ ಹಿಂದೆ ಕಣದ ಕಲ್ಲುಗುಂಡು ಸುತ್ತಿಸುತ್ತ ಆಟವನ್ನು ಮೊದಲಿಂದ ಹೇಳುವನು. ತಿಮ್ಮರಾಯಪ್ಪ ಹುಲ್ಲಿನ ಮೆದೆಗೆ ಒರಗಿ ಬರೆದುಕೊಳ್ಳುವನು. ಕೇಳಿಸಿಕೊಂಡದ್ದನ್ನು ಅವನು ಹಾಗೇ ಬರೆಯಲಿಲ್ಲ. ಅರ್ಥ ಹಿಡಿದುಕೊಂಡು, ತಾನು ಕಲಿತ ಗ್ರಂಥದ ಮಾತಿನಲ್ಲಿ ಹೊಸದಾಗಿ ಬರೆಯುತ್ತ ಹೋದ. ಅಪ್ಪನ ಮಾತನ್ನೂ ಒಂದು ಕಡೆ ಬರೆದಿಡಬೇಕೆಂದು ಅವನಿಗೆ ತೋಚಲಿಲ್ಲ. ಅದು ತಮ್ಮನ ಬಾಯಲ್ಲಿ ಇದ್ದೇ ಇದೆಯಲ್ಲ.

ಬರೆದು ಮುಗಿದ ದಿನ ಅವರೆಕಾಳು ಸಾರು ಮಾಡಿದ್ದರು. ಊಟವಾದ ಮೇಲೆ ತಿಮ್ಮರಾಯಪ್ಪ ಎಲ್ಲರನ್ನೂ ಕೂರಿಸಿ ಓದಿದ. "ಎಲೈ ಪ್ರಜಾವೃಂದವೇ! ಶಿಶುಗಳನ್ನೆತ್ತಿಕೊಂಡು, ಗೋಸಂಪತ್ತನ್ನು ಮುಂದಿಟ್ಟುಕೊಂಡು ತೆರಳಿರಿ! ಎನ್ನ ದೇಹದಲ್ಲಿ ಉಸಿರಿರುವ ಪರ್ಯಂತ ಈ ಮಹಾದ್ವಾರವು ಶಿಲೆಯಂತೆ ನಿಲ್ಲುವುದು!"

ಓದುವಾಗ ಅವನ ದನಿ ನಡುಗಿತು.

"ಇದು ಯಾವ್ ಆಟ?" ಎಂದಳು ದೊಡ್ಡಮುನಿಯಮ್ಮ.

"ಅದೇ ಕಣವ್ವ, ಬಂಡೆನಾಯಕಂದು."

"ಬಂಡೆನಾಯಕ ಹಿಂಗಾ ಮಾತಾಡಾದು? ಪುರೋಹಿತ್ರಂಗೆ?"

"ಅವ್ವಾ, ಅಲ್ಲಿ ಓದ್ದೋರು ಕೂತಿರ್ತಾರೆ. ಮೂರ್ ಭಾಷೆ ಕಲಸಿ ಆಡಿದ್ರೆ ಇದ್ಯಾವ ದೇಶದ ಆಟ ಅಂತ ಕೇಳ್ತಾರೆ. ಒಂದು ಭಾಷೆ ಅಂತ ಇರ್ಬೇಕು."

"ನಮ್ಗೆ ಮೂರೂ ಐತಲ್ಲ ಬಾವ," ಎಂದಳು ಕದಿರಮ್ಮ. "ಒಂದಿಟ್ಕಂಡು ಎಲ್ಡ ಎಲ್ಲಿಗೆ ಬಿಸಾಕಾನ?"

"ನಿಂಗೆ ತಿಳಿಯಲ್ಲ, ಸುಮ್ಕಿರಮ್ಮ."

ಚಿಕ್ಕಮುನಿಯಪ್ಪ ಹೆಂಡತಿಯನ್ನು ಗದರಿದ. "ಅಣ್ಣ ಕಂಪನಿ ನಾಟ್ಕ ನೋಡಿರೋನು. ಏನ್ ಮಾಡ್ಬೇಕು ಅಂತ ಅವ್ನಿಗೆ ಗೊತ್ತು." ಅಣ್ಣನ ಕಡೆ ತಿರುಗಿ ಕೇಳಿದ: "ನಾನು ಕಲೀತೀನಿ. ಯಾರಾನ ಹೇಳ್ಕೊಟ್ರೆ ಕಲೀತೀನಿ ಅಣ್ಣ. ನಂಗೆ ಕೇಳಿದ್ದು ನಿಲ್ತದೆ."

"ಹಳೇದನ್ನ ಮರ್ತುಬಿಡು ಮೊದ್ಲು," ಎಂದ ತಿಮ್ಮರಾಯಪ್ಪ ಅಕ್ಕರೆಯಿಂದಲೇ. "ಅದು ಬಾಯಾಗಿದ್ರೆ ಇದು ಕೂರಾಕಿಲ್ಲ."

ಕೃಷ್ಣಗಿರಿಯಲ್ಲಿ ತಿಮ್ಮರಾಯಪ್ಪನಿಗೆ ಬಿಡುವಿರುತ್ತಿರಲಿಲ್ಲ. ಇದ್ದಿಲು ಉರಿಸುವ ಬಸ್ಸಿನಲ್ಲಿ ಸೋಮವಾರ ಹೋದರೆ ಶನಿವಾರ ಬರುವನು. ಹಾಗಾಗಿ ಮಾತು ಕಲಿಸುವ ಕೆಲಸ ವರಲಕ್ಷ್ಮಮ್ಮನಿಗೆ ಬಂತು. ಮದುವೆಯಾದ ಹೊಸದರಲ್ಲಿ ಗಂಡ ಅವಳಿಗೆ ಓದು ಕಲಿಸಿದ್ದ. ಅವಳು ರಾಗಿ ತೂರುವಾಗ, ಒಲೆಯ ಮುಂದೆ ಕೂತಾಗ, ರಾಮಕ್ಕನಿಗೆ ಉಣ್ಣಿಸುವಾಗ ಒಂದೊಂದು ಸಾಲು ಓದುವಳು. ಮೈದುನ ಹಿಂದೆಯೇ ಹೇಳುವನು.

"ಗೋಸಂಪತ್ತನ್ನು."

"ಗೋಸಂಪತ್ನ."

"ಸಂಪತ್ತನ್ನು, ಚಿಕ್ಕಮುನಿಯಪ್ಪ. ನಿಧಾನ."

"ಸಂಪತ್ತನ್ನು. ಅತ್ಗೆ, ದನ ಅಂದ್ರೆ ಆಗಾಕಿಲ್ವಾ?"

"ಅಣ್ಣನ್ನೇ ಕೇಳು."

"ಬ್ಯಾಡ ಬ್ಯಾಡ. ಗೋಸಂಪತ್ತನ್ನು. ಗೋಸಂಪತ್ತನ್ನು."

ಎತ್ತಿಗೆ ನೀರು ಕುಡಿಸುವಾಗಲೂ ಅವನ ತುಟಿ ಅಲ್ಲಾಡುತ್ತಿತ್ತು. ಕಾಡಿನಿಂದ ಆನೆ ಇಳಿದು ಪಕ್ಕದವರ ಹುರುಳಿ ಹೊಲ ತುಳಿದ ದಿನ, ಊರೆಲ್ಲ ತಮಟೆ ಹಿಡಿದು ಓಡಿದರೆ ಅವನು ಓಡುತ್ತಲೇ ಪಾಠ ಒಪ್ಪಿಸಿಕೊಳ್ಳುತ್ತಿದ್ದ ಎಂದು ಜನ ನಕ್ಕರು. ಅಪ್ಪನ ಹಳೆಯ ಮಾತು ನಾಲಿಗೆಗೆ ಬಂದಾಗಲೆಲ್ಲ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುವನು. ಒಮ್ಮೆ ದೊಡ್ಡಮುನಿಯಮ್ಮ ಅದನ್ನು ಕಂಡು ಅವನ ಕೈ ಹಿಡಿದಳು.

"ಯಾಕ್ಲಾ ಹೊಡ್ಕೊಂತೀಯ?"

"ಅಪ್ಪಂದು ಬಂದ್ಬುಡ್ತದೆ ಕಣವ್ವ."

"ಬಂದ್ರೆ ಬರ್ಲಿ."

"ಬಂದ್ರೆ ಅಣ್ಣನ ಮರ್ವಾದೆ ಹೋಗ್ತದೆ."

ಪುಷ್ಯ ಮಾಸದಲ್ಲಿ ಮೇಳದವರೆಲ್ಲ ಕೃಷ್ಣಗಿರಿಗೆ ಹೋದರು. ಸಂಘದ ಅಧ್ಯಕ್ಷರು ಚೆನ್ನಕೇಶವ ಎಂಬ ವಕೀಲರು. ಅವರೂ ಸಂಘದ ಕೆಲವು ಹಿರಿಯರೂ ಕುರ್ಚಿಗಳಲ್ಲಿ ಕೂತಿದ್ದರು. ಮೊದಲು ಒಂದು ಸಲ ನೋಡಿ ಒಪ್ಪಿಗೆ ಕೊಡುವುದು ಅವರ ಕ್ರಮ. ಚಿಕ್ಕಮುನಿಯಪ್ಪ ಬಿಳಿ ಅಂಗಿ ತೊಟ್ಟಿದ್ದ. ಅಣ್ಣನದೇ ಅಂಗಿ, ತೋಳು ಬಿಗಿಯಾಗಿತ್ತು.

ಮೊದಲ ಸಾಲುಗಳು ಸರಿಯಾಗಿಯೇ ಬಂದವು. ತಿಮ್ಮರಾಯಪ್ಪ ಬಾಗಿಲ ಬಳಿ ನಿಂತು ತಾನೂ ಒಳಗೊಳಗೇ ಹೇಳಿಕೊಳ್ಳುತ್ತಿದ್ದ. ಆಮೇಲೆ ಮುದುಕ ಬಚ್ಚಪ್ಪ ಮದ್ದಳೆ ಏರಿಸಿದ. ಮದ್ದಳೆ ಏರಿದಾಗ ಚಿಕ್ಕಮುನಿಯಪ್ಪನ ಮೈಯೂ ಏರಿತು. "ಎಲೈ ಪ್ರಜಾವೃಂದವೇ! ಸಿಸುಗಳ್ನ ಎತ್ತಿಕೊಂಡು, ಗೋಸಂಪತ್ತನ್ನು… ಗೋಸಂಪತ್ತನ್ನು ಮಾಟ್ಟೆ ಓಟ್ಟಿಕ್ಕೋ!"

ಕುರ್ಚಿಗಳಲ್ಲಿ ಒಬ್ಬರು ಕಿಸಕ್ಕೆಂದರು. ಚೆನ್ನಕೇಶವರು ತಡೆದುಕೊಳ್ಳಲು ನೋಡಿ, ಆಗದೆ ಜೋರಾಗಿ ನಕ್ಕುಬಿಟ್ಟರು. ಆಮೇಲೆ ಎಲ್ಲರೂ. ಚಿಕ್ಕಮುನಿಯಪ್ಪ ದಿಕ್ಕು ತೋಚದೆ ಅಣ್ಣನ ಕಡೆ ನೋಡಿದ. ತಿಮ್ಮರಾಯಪ್ಪ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದ. ಅವನ ಭುಜ ಕುಲುಕುತ್ತಿತ್ತು. ಅವನೂ ನಗುತ್ತಿದ್ದ.

ಒಂದು ಗಳಿಗೆಯಷ್ಟೇ. ತಮ್ಮ ನೋಡುತ್ತಿದ್ದಾನೆಂದು ಕಂಡ ಕೂಡಲೇ ಅವನ ನಗು ನಿಂತಿತು. ಆದರೆ ಕಾಣಬಾರದಿದ್ದುದನ್ನು ಚಿಕ್ಕಮುನಿಯಪ್ಪ ಕಂಡಾಗಿತ್ತು. ಆಮೇಲೆ ಅವನ ಬಾಯಿಂದ ಹೊಸದೂ ಬರಲಿಲ್ಲ, ಹಳೆಯದೂ ಬರಲಿಲ್ಲ.

"ದನಿ ಚೆನ್ನಾಗಿದೆ ಪಾಪ," ಎಂದರು ಚೆನ್ನಕೇಶವರು. "ಆದರೆ ಬೇರೆ ಯಾರಾದರೂ ನೋಡಿ, ತಿಮ್ಮರಾಯಪ್ಪ. ಮೇಷ್ಟ್ರು ನರಸಿಂಹಪ್ಪನವರು ಇದ್ದಾರಲ್ಲ, ಉಚ್ಚಾರ ಶುದ್ಧ. ಕಾರ್ಯದರ್ಶಿಯ ತಮ್ಮ ಅಂತ ನಾವು ಬಿಟ್ಟರೆ ನಾಳೆ ನಿಮಗೇ ಮಾತು ಬರುತ್ತದೆ."

"ಆಗಲಿ ಸ್ವಾಮಿ," ಎಂದ ತಿಮ್ಮರಾಯಪ್ಪ.

ಮನೆಗೆ ಬಂದ ಮೇಲೆ ಎಲ್ಲರೂ ಉಣ್ಣಲು ಕೂತರು. ಕದಿರಮ್ಮನಿಗೆ ಆಗಲೇ ಬಚ್ಚಪ್ಪನಿಂದ ಎಲ್ಲ ತಿಳಿದಿತ್ತು. ಮುದ್ದೆ ಮುರಿಯುತ್ತ ಅವಳು ಬಾವನ ಮುಖಕ್ಕೇ ಕೇಳಿದಳು. "ನೀವೂ ನಕ್ರಂತೆ?"

"ಕದಿರೀ," ಎಂದ ಚಿಕ್ಕಮುನಿಯಪ್ಪ.

"ಇವ್ರು ಬಾಯ್ ಬಾಯ್ ಹೊಡ್ಕಂಡು ಕಲ್ತಿದ್ದು ನೀವು ನೋಡಿಲ್ಲ. ನಾನ್ ನೋಡಿವ್ನಿ. ಅಕ್ಕ ನೋಡವ್ಳೆ. ನಗಾಕೆ ನಿಮ್ಗೆ ಬಾಯಾದ್ರೂ ಹೆಂಗೆ ಬಂತು?"

"ಬೇಕೂಂತ ನಗ್ಲಿಲ್ಲಮ್ಮ," ಎಂದ ತಿಮ್ಮರಾಯಪ್ಪ. "ಬಂದ್ಬುಡ್ತು."

"ಆಟಾನೂ ಹಂಗೇ, ಇವ್ರಿಗೆ ಬಂದ್ಬುಡ್ತಿತ್ತು."

"ಸಾಕ್ ಬಿಡೇ! ಉಣ್ಣಾಕೆ ಬಿಡು ಅವ್ನ!" ಎಂದು ಚಿಕ್ಕಮುನಿಯಪ್ಪ ಎದ್ದು ತಾನೇ ಕೈ ತೊಳೆದುಕೊಂಡುಬಿಟ್ಟ. ತಣಿಗೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು. ದೊಡ್ಡಮುನಿಯಮ್ಮ ಒಬ್ಬ ಮಗನ ಮುಖ ನೋಡಿದಳು, ಇನ್ನೊಬ್ಬ ಹೋದ ಬಾಗಿಲು ನೋಡಿದಳು.

ಉತ್ಸವಕ್ಕೆ ಪರದೆಯ ಪೆಟ್ಟಿಗೆ, ಕಿರೀಟ, ಭುಜಕೀರ್ತಿ ಎಲ್ಲ ಹಳ್ಳಿಯಿಂದ ಹೋಗಬೇಕಿತ್ತು. ಗಾಡಿ ಕಟ್ಟಿದವನು ಚಿಕ್ಕಮುನಿಯಪ್ಪನೇ. ಕದಿರಮ್ಮ ಬೇಡವೆಂದಳು, ಅವನು ಕೇಳಲಿಲ್ಲ. ಕೃಷ್ಣಗಿರಿಯಲ್ಲಿ ಮೇಷ್ಟ್ರು ನರಸಿಂಹಪ್ಪನವರಿಗೆ ಬಂಡೆನಾಯಕನ ಕಿರೀಟ ಸಡಿಲವಾಯಿತು. ಒಳಗೆ ಬಟ್ಟೆ ಸುತ್ತಿ ಬಿಗಿ ಮಾಡಿಕೊಟ್ಟವನೂ ಅವನೇ. ಪರದೆಯ ಹಗ್ಗ ಹಿಡಿಯುವವನು ಬಂದಿರಲಿಲ್ಲ. ಆಟ ಮುಗಿಯುವ ತನಕ ಚಿಕ್ಕಮುನಿಯಪ್ಪ ಹಗ್ಗ ಹಿಡಿದು ನಿಂತ.

ಆಟ ಗೆದ್ದಿತು. ಮದ್ರಾಸಿನಿಂದ ಬಂದಿದ್ದ ದೊಡ್ಡವರು ತಿಮ್ಮರಾಯಪ್ಪನಿಗೆ ಶಾಲು ಹೊದಿಸಿದರು. ಜನಪದರ ಒರಟು ಕಲ್ಲನ್ನು ಶಿಲ್ಪವಾಗಿಸಿದ್ದೀರಿ ಎಂದರು. ಆದರೆ ಗಾಡಿಗಳಲ್ಲಿ ಬಂದಿದ್ದ ಹಳ್ಳಿಯವರು ನೆಲದ ಮೇಲೆ ಸುಮ್ಮನೆ ಕೂತಿದ್ದರು. ಬಂಡೆನಾಯಕ ತಾಯಿಯ ತೊಡೆಯ ಮೇಲೆ ತಲೆಯಿಟ್ಟು, ತಿಮ್ಮರಾಯಪ್ಪ ಬರೆದ ವೃತ್ತಪದ್ಯವೊಂದನ್ನು ಹೇಳಿ ಸತ್ತಾಗ ಹೆಂಗಸರು ಇನ್ನೂ ಏನೋ ಬರಬೇಕೆಂಬಂತೆ ಕಾದರು. ಪರದೆ ಬಿತ್ತು. "ಆ ಮಾತೆಲ್ಲೋಯ್ತು? ತಾಯಿಗೆ ಹೇಳೋದು?" ಎಂದು ಒಬ್ಬಳು ಮುದುಕಿ ಪಕ್ಕದವಳನ್ನು ಕೇಳಿದ್ದು ಶಾಲು ಹೊದ್ದು ನಿಂತಿದ್ದ ತಿಮ್ಮರಾಯಪ್ಪನಿಗೆ ಕೇಳಿಸಿತು.

ಮನೆಗೆ ಮರಳಿ ಒಂದು ವಾರವಾಗಿರಬೇಕು. ಬೆಳಿಗ್ಗೆ ಹಾಲು ಕರೆದು ತಂದಿಟ್ಟು ಚಿಕ್ಕಮುನಿಯಪ್ಪ ಅಣ್ಣನ ಎದುರು ಕೂತ.

"ಅಣ್ಣ, ನಾನು ನಾಟ್ರಾಂಪಾಳ್ಯಕ್ಕೆ ಹೋಯ್ತೀನಿ. ಮಾವಂಗೆ ವಯಸ್ಸಾಯ್ತು. ಬೇಸಾಯ ಮಾಡೋರಿಲ್ಲ."

ತಿಮ್ಮರಾಯಪ್ಪನಿಗೆ ಮೊದಲು ಅರ್ಥವಾಗಲಿಲ್ಲ. "ಎಷ್ಟ್ ದಿನಕ್ಕೆ?"

"ಇರಾಕೇ."

"ಮನೆ ಅಳಿಯ ಆಗ್ತೀಯೇನ್ಲಾ? ನಮ್ಮನೆಯಾಗೆ ಯಾರಾನ ಹಂಗೆ ಹೋಗವ್ರಾ? ಇಲ್ಲಿ ಹೊಲ ಯಾರು ಮಾಡ್ತಾರೆ?"

"ಬಚ್ಚಪ್ಪನ ಮಕ್ಕಳಿಗೆ ವಾರಕ್ಕೆ ಹೇಳಿವ್ನಿ. ಬೆಳೆದ್ರಾಗೆ ಅರ್ಧ ನಿಮ್ಗೆ ತಂದು ಹಾಕ್ತಾರೆ. ನಂಗೇನೂ ಬ್ಯಾಡ."

"ಭಾಗ ಬೇಕಾದ್ರೆ ಕೇಳು. ಬೈಯೋದಿದ್ರೆ ಬೈಯ್. ಹಿಂಗ್ ಸುಮ್ಕೆ ಎದ್ದೋಗ್ಬೇಡ."

"ನಂಗೆ ನಿನ್ ಮ್ಯಾಲೆ ಕ್ವಾಪ ಇಲ್ಲ ಅಣ್ಣ," ಎಂದ ಚಿಕ್ಕಮುನಿಯಪ್ಪ. "ಈ ಊರಾಗೆ ಕಣ ಸುತ್ತಾಕೆ ಹೋದ್ರೆ, ನೀರ್ ಸೇದಾಕೆ ಹೋದ್ರೆ, ಬಾಯಿಗೆ ಅದೇ ಬತ್ತದೆ. ಅರ್ಧ ಅಪ್ಪಂದು, ಅರ್ಧ ನಿಂದು. ನಂಗೇ ನಗು ಬತ್ತದೆ. ಇರಾಕಾಗಲ್ಲ."

ದೊಡ್ಡಮುನಿಯಮ್ಮ ಬಂದು ಬೈದಳು, ಅತ್ತಳು. "ನಾನ್ ಸತ್ರೆ ಯಾರ್ಲಾ ಹೊರ್ತಾರೆ?" ಎಂದಳು. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ, ಮಾತು ಬದಲಿಸಲಿಲ್ಲ. ಕದಿರಮ್ಮ ಬಟ್ಟೆ ಗಂಟು ಕಟ್ಟುವಾಗ ವರಲಕ್ಷ್ಮಮ್ಮ ರಾಮಕ್ಕನಿಗೆ ತಲೆ ಬಾಚಿ, ಹೂ ಮುಡಿಸಿ, ಮತ್ತೆ ಬಿಚ್ಚಿ, ಮತ್ತೆ ಬಾಚಿದಳು.

"ಅಕ್ಕ, ಹೊತ್ತಾಯ್ತದೆ," ಎಂದಳು ಕದಿರಮ್ಮ.

"ಇನ್ನೊಂದ್ ಜಡೆ ಐತೆ," ಎಂದಳು ವರಲಕ್ಷ್ಮಮ್ಮ. ಮಗುವಿಗೆ ಇದ್ದದ್ದು ಒಂದೇ ಜಡೆಗಾಗುವಷ್ಟು ಕೂದಲು. ಕದಿರಮ್ಮ ಗಂಟು ಕೆಳಗಿಟ್ಟು ಕಾದಳು. ಕೊನೆಗೆ ಗಾಡಿ ಹೊರಟಾಗ ರಾಮಕ್ಕ ದೊಡ್ಡಮ್ಮನೂ ಬರುತ್ತಾಳೆಂದೇ ತಿಳಿದು ಪಕ್ಕದಲ್ಲಿ ಜಾಗ ಬಿಟ್ಟು ಕೂತಿತ್ತು.

ಆಮೇಲೆ ಆ ಮನೆಯಲ್ಲಿ ಮುದ್ದೆ ಹೆಚ್ಚಾಗುತ್ತಿತ್ತು. ಎಷ್ಟು ಹಿಟ್ಟು ಸುರಿಯಬೇಕೆಂಬುದು ವರಲಕ್ಷ್ಮಮ್ಮನ ಕೈಗೆ ಬಹಳ ದಿನ ತಿಳಿಯಲಿಲ್ಲ. ಮಿಕ್ಕದ್ದನ್ನು ಎತ್ತಿಗೆ ಹಾಕುತ್ತಿದ್ದಳು. ಅವಳು ಗಂಡನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಒಮ್ಮೆ ಅವನು ಶಾಲು ಎಲ್ಲಿ ಎಂದು ಕೇಳಿದ. "ಅತ್ತೆಗೆ ಚಳಿ ಅಂತ ಹೊದಿಸ್ದೆ. ಬ್ಯಾಡಾಂತ ಬಿಸಾಕಿದ್ರು," ಎಂದಳು.

ಶಿವರಾತ್ರಿ ಕಳೆದ ಮೇಲೆ ನಾಟಕ ಅಚ್ಚಿಗೆ ಹೋಗಬೇಕಿತ್ತು. ತಿಮ್ಮರಾಯಪ್ಪ ಕೊನೆಯ ಅಂಕವನ್ನು ಮತ್ತೆ ಓದಿ ನೋಡಿದ. ವೃತ್ತ ಛಂದಸ್ಸಿಗೆ ಸರಿಯಾಗಿತ್ತು. ಆದರೂ ಅವನ ಕಿವಿಯಲ್ಲಿ ಆ ಮುದುಕಿಯ ಮಾತೇ ಇತ್ತು. ಅಪ್ಪ ಅಲ್ಲಿ ಏನು ಹೇಳುತ್ತಿದ್ದ? ನೆನಪು ಮಾಡಿಕೊಂಡ. ಬರಲಿಲ್ಲ. ಹುಡುಗನಾಗಿದ್ದಾಗ ಕೇಳಿದ್ದು ಮಾಸಿಹೋಗಿತ್ತು; ಆಮೇಲೆ ಅಪ್ಪ ಆಡುತ್ತಿದ್ದ ವರ್ಷಗಳಲ್ಲಿ ತಾನು ಕಂಪನಿಯ ಜೊತೆ ಊರೂರು ತಿರುಗುತ್ತಿದ್ದ. ಕಣದಲ್ಲಿ ತಮ್ಮ ಹೇಳಿದಾಗ, ತಾಯಿಗೆ ವಿದಾಯ ಎಂದು ಅರ್ಥ ಹಿಡಿದುಕೊಂಡು ತನ್ನ ಪದ್ಯ ಕಟ್ಟಲು ಶುರು ಮಾಡಿದ್ದ. ಪೂರ್ತಿ ಕೇಳಿರಲೇ ಇಲ್ಲ.

ಬಚ್ಚಪ್ಪನ ಹತ್ತಿರ ಹೋದ. ಬಚ್ಚಪ್ಪ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದ. "ಪೆಟ್ಟು ಇದು ಕಣಪ್ಪ. ಮಾತು ನಂಗೆಲ್ಲಿ ಗೊತ್ತು? ನಾನು ಅವನ ಕಾಲು ನೋಡ್ಕೊಂಡು ಬಾರಿಸ್ತಿದ್ದೆ."

ತಾಯಿಯನ್ನು ಕೇಳಿದ.

"ರಾಗ ಐತೆ, ಮಾತಿಲ್ಲ," ಎಂದಳು ದೊಡ್ಡಮುನಿಯಮ್ಮ. "ಅದ್ ಬಂದ್ ತಕ್ಷಣ ನಾನು ಅಳಾಕೆ ಸುರು ಮಾಡ್ತಿದ್ದೆ. ಅತ್ತಿದ್ದೇ ನೆಪ್ಪು." ಆಮೇಲೆ ಹೇಳಿದಳು: "ನಿನ್ ಬೆನ್ನಿಗೆ ಹುಟ್ಟಿದ್ ಹೆಣ್ ಕೂಸು ಹೋಯ್ತಲ್ಲ, ಆ ವರ್ಸ ಕಟ್ಟಿದ್ದು ಅದನ್ನ. ನನ್ ಮುಂದೆ ಅಳಾಕಾಗ್ದೆ ಆಟದಾಗೆ ಇಟ್ಬುಟ್ಟ ನಿಮ್ಮಪ್ಪ. ಚಿಕ್ಕೋನ್ನ ಕೇಳು. ಅವನತ್ರ ಐತೆ."

ತಿಮ್ಮರಾಯಪ್ಪನಿಗೆ ಇದು ಗೊತ್ತಿರಲಿಲ್ಲ. ಅಚ್ಚಿನವರಿಗೆ ತಡೆಯಲು ಹೇಳಿ, ಡೆಂಕಣಿಕೋಟೆಯ ತನಕ ಬಸ್ಸಿನಲ್ಲಿ, ಅಲ್ಲಿಂದ ಅಂಚೆಟ್ಟಿಗೆ ಯಾರದೋ ಹುಣಿಸೆಹಣ್ಣಿನ ಗಾಡಿಯಲ್ಲಿ, ಮುಂದೆ ಕಾಡುದಾರಿ ನಡೆದು ನಾಟ್ರಾಂಪಾಳ್ಯ ಸೇರಿದ.

ಚಿಕ್ಕಮುನಿಯಪ್ಪ ಮನೆಯ ಮುಂದಿನ ಹೊಂಗೆಯ ನೆರಳಲ್ಲಿ ನೊಗ ಕೆತ್ತುತ್ತಿದ್ದ. ಮೈ ಇಳಿದುಹೋಗಿತ್ತು, ಕಣ್ಣು ಹಳದಿಯಾಗಿದ್ದವು. ಬೆಟ್ಟದ ಚಳಿಜ್ವರ ಅವನನ್ನು ಎರಡು ಸಲ ಹಿಡಿದು ಬಿಟ್ಟಿತ್ತು. ಅಣ್ಣನನ್ನು ಕಂಡು ಉಳಿ ಬಿಸಾಕಿ ಓಡಿ ಬಂದ.

"ಅವ್ವ?" ಎಂದ.

"ಚೆನ್ನಾಗವ್ಳೆ."

"ದೇವ್ರೇ! ನಿನ್ನ ನೋಡಿ ಎದೆ ಹೊಡ್ಕಂತು. ಕದಿರೀ, ಅಣ್ಣ ಬಂದವ್ನೆ! ನೀರ್ ಕಾಯ್ಸು!"

ಕದಿರಮ್ಮ ಸಾಮೆ ಅನ್ನ ಮಾಡಿ, ಹುರುಳಿ ಸಾರು ಬಡಿಸಿದಳು. ರಾಮಕ್ಕ ಬಂದು ದೊಡ್ಡಪ್ಪನ ಹಿಂದೆ ಇಣುಕಿ, ಬಾಗಿಲ ಕಡೆ ನೋಡಿ, "ದೊಡ್ಡಮ್ಮ?" ಎಂದಿತು. ತಿಮ್ಮರಾಯಪ್ಪ ಚೊಂಬು ಎತ್ತಿ ನೀರು ಕುಡಿದ.

ಊಟವಾದ ಮೇಲೆ ಅಣ್ಣತಮ್ಮ ಹೊಂಗೆಯ ನೆರಳಿಗೆ ಬಂದರು.

"ಅವತ್ತು ನಾನು ನಗ್ಬಾರ್ದಿತ್ತು ಕಣ್ಲಾ."

"ನಗು ಬಂದ್ರೆ ಏನ್ ಮಾಡಾಕಾಯ್ತದೆ? ಬಿಡು."

"ಬಿಡಾಕಾಗಲ್ಲ. ನಾಟ್ಕ ಅಚ್ಚಾಗೋದು ನಿಲ್ಸಿ ಬಂದಿವ್ನಿ. ಅಪ್ಪನ ಆಟಾನೇ ಹಾಕಾನ. ಹೆಂಗೈತೋ ಹಂಗೇ. ತೆಲುಗು, ತಮಿಳು ಏನೈತೋ ಎಲ್ಲಾ. ನೀನ್ ಹೇಳು, ನಾನ್ ಬರ್ಕೋತೀನಿ. ಒಂದಕ್ಷರ ತಿದ್ದಲ್ಲ. ಮೊದ್ಲು ಆ ಕೊನೇದು ಹೇಳು. ತಾಯಿಗೆ ಹೇಳೋದು."

ಚಿಕ್ಕಮುನಿಯಪ್ಪನ ಮುಖ ಅರಳಿತು. ಕೂತು ಹೇಳಿ ಅವನಿಗೆ ಗೊತ್ತಿರಲಿಲ್ಲ. ಎದ್ದು ನಿಂತ, ಪಂಚೆ ಬಿಗಿ ಮಾಡಿಕೊಂಡ. ಬಾಯಿ ತೆರೆದ. "ಅಮ್ಮಾ…" ಎಂದ. ಅದು ಸೊಣ್ಣಪ್ಪನ ದನಿಯೇ. "ಅಮ್ಮಾ… ಜನನಿಯೇ…"

ನಿಲ್ಲಿಸಿದ. "ಅಲ್ಲ. ಅದು ನಿಂದು." ಮತ್ತೆ ಶುರು ಮಾಡಿದ. "ಅಮ್ಮಾ… ನೀ ಒಡಿಲಾಗ…" ನಿನ್ನ ಮಡಿಲಲ್ಲಿ ಎಂಬ ಅಪ್ಪನ ಮಾತು ಅಷ್ಟಕ್ಕೇ ಅಣ್ಣನದಕ್ಕೆ ಹೊರಳಿತು: "ಒಡಲೊಳುದಿಸಿದ…" ಮತ್ತೆ ನಿಲ್ಲಿಸಿದ. "ಇರು. ಎತ್ತಿನ ಹಿಂದೆ ಹೋದ್ರೆ ಬತ್ತದೆ."

ಕೊಟ್ಟಿಗೆಯಿಂದ ಎತ್ತು ಬಿಚ್ಚಿ ಮನೆಯ ಮುಂದೆ ಸುತ್ತಿಸಿದ. ತಿಮ್ಮರಾಯಪ್ಪ ಹಿಂದೆಯೇ ನಡೆದ. ತಾಳ ನೆನಪಿಸಲೆಂದು ಬಚ್ಚಪ್ಪ ಹಾಕಿದಂತೆ ತೊಡೆಗೆ ತಟ್ಟಿದ. ಸುತ್ತು ಸುತ್ತಿಗೂ ಅಮ್ಮಾ ಎಂಬ ತನಕ ಬರುವುದು, ಮುಂದೆ ಅಣ್ಣ ಬರೆದ ವೃತ್ತ ಅಡ್ಡ ಬಂದು ನಿಲ್ಲುವುದು. ಅದನ್ನು ದಾಟಿ ಅವನು ಹೋಗಲಾರದೆ ಹೋದ. ಎತ್ತುಗಳೂ ತಾವಾಗಿ ನಿಂತವು.

"ಸುಮ್ಕಿರ್ತೀಯಲ್ಲ, ಆಗ ಒಂದೊಂದ್ಸಲ ಬತ್ತದಾ?" ಎಂದು ಕೇಳಿದ ತಿಮ್ಮರಾಯಪ್ಪ, ಬೇಡುವ ದನಿಯಲ್ಲಿ.

"ಇಲ್ಲಣ್ಣ." ಚಿಕ್ಕಮುನಿಯಪ್ಪ ನೊಗದ ಮೇಲೆ ಕೂತುಬಿಟ್ಟ. "ನೀನು ಹಳೇದು ಮರ್ತುಬಿಡು ಅಂದೆ. ಮರೀಲೇಬೇಕು ಅಂತ ಮರ್ತೆ. ಬಂದಾಗ್ಲೆಲ್ಲ ಬಾಯಿಗೆ ಹೊಡ್ಕಂಡು ಮರ್ತೆ. ನಿಂದನ್ನ ಕಲಿಯಾಕಾಗ್ಲಿಲ್ಲ ಅಂತ ನೀನಂದ್ಕಂಡಿದ್ದೀಯ. ನಿಂದು ಈಗ್ಲೂ ಪೂರ್ತಿ ಬತ್ತದೆ ಕಣಣ್ಣ, ಒಂದಕ್ಷರ ತಪ್ಪಾಕಿಲ್ಲ. ಅಪ್ಪಂದೇ ಇಲ್ಲ."

ಅವನು ಅಳತೊಡಗಿದ. ತಿಮ್ಮರಾಯಪ್ಪ ಅವನ ಬೆನ್ನ ಮೇಲೆ ಕೈ ಇಟ್ಟ. ಜ್ವರ ತಿಂದ ಬೆನ್ನಿನ ಮೂಳೆಗಳು ಕೈಗೆ ಸಿಕ್ಕವು. ಕದಿರಮ್ಮ ಒಳಗಿಂದ ಬಂದಳು. ಬಾವನಿಗೆ ಬೈಯುತ್ತಾಳೇನೋ ಎಂಬಂತಿತ್ತು. ಅವಳು ಬೈಯಲಿಲ್ಲ.

"ಇನ್ ಕೇಳ್ಬೇಡಿ ಬಾವ," ಎಂದಳು. "ಜ್ವರ ಮತ್ತೆ ಬತ್ತದೆ ಅವ್ರಿಗೆ."

ಮಾರನೆಯ ದಿನ ತಿಮ್ಮರಾಯಪ್ಪ ಹೊರಟ. ಊರಿಗೆ ಬಾ ಎಂದು ಕರೆದ. ಮಳೆ ಬಂದ ಮೇಲೆ ನೋಡೋಣ ಎಂದ ಚಿಕ್ಕಮುನಿಯಪ್ಪ. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಾಡಂಚಿನ ತನಕ ಬಂದು, ಅಣ್ಣನ ಕಾಲಿಗೆ ನಮಸ್ಕಾರ ಮಾಡಿ, ತಿರುಗಿ ಹೋದ.

ತಿಮ್ಮರಾಯಪ್ಪ ಮನೆ ತಲುಪಿದಾಗ ಬಿಸಿಲು ನೆತ್ತಿಯ ಮೇಲಿತ್ತು. ದೊಡ್ಡಮುನಿಯಮ್ಮ ಜಗಲಿಯಲ್ಲಿ ಹುಣಿಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಮಗನನ್ನು ಕಂಡು ಒಂದರ ಹಿಂದೊಂದು ಕೇಳಿದಳು: ಚಿಕ್ಕವನು ಹೇಗಿದ್ದಾನೆ, ಮೈ ಹೇಗಿದೆ, ಕೂಸು ಮಾತಾಡುತ್ತದಾ, ಅಲ್ಲಿ ಹಾಲು ಸಿಗುತ್ತದಾ. ಅವನು ಎಲ್ಲಕ್ಕೂ ಉತ್ತರ ಕೊಟ್ಟ.

"ಹೇಳಿದ್ನಾ?" ಎಂದಳು ಕೊನೆಗೆ.

"ಇಲ್ಲ ಕಣವ್ವ. ಮರ್ತೋಗದೆ."

"ಯಾವ್ದು? ಕೊನೇದಾ?"

"ಎಲ್ಲಾ. ಅಲ್ಲೊಂದು ಇಲ್ಲೊಂದು ಚೂರು ಉಳಿದದೆ. ಕೊನೇದು ಒಂದ್ಮಾತೂ ಇಲ್ಲ."

ಅವಳ ಕೈಯಲ್ಲಿನ ಕಲ್ಲು ನಿಂತಿತು.

"ನಿಮ್ಮಪ್ಪ ಇವತ್ತು ಸತ್ತ ಕಣಪ್ಪ," ಎಂದಳು.

ಎದ್ದು, ಕಂಬ ಹಿಡಿದುಕೊಂಡು, ನಿಧಾನವಾಗಿ ಹಿತ್ತಲಿಗೆ ಹೋದಳು. ಸಾವಿನ ಸುದ್ದಿ ಕೇಳಿದವರು ಮಾಡುವ ಹಾಗೆ, ಉಟ್ಟ ಸೀರೆಯಲ್ಲೇ ಬಾವಿಯ ಕಟ್ಟೆಯ ಮೇಲೆ ಕೂತು, ಒಂದು ಕೊಡ ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ವರಲಕ್ಷ್ಮಮ್ಮ ಒಲೆಯ ಮುಂದಿನಿಂದ ಎದ್ದು ಬಂದು ನೋಡಿದಳು. ಒಳಗೆ ಹೋಗಿ ಒಣ ಸೀರೆ ತಂದು, ಅತ್ತೆಯ ಪಕ್ಕದಲ್ಲಿ ನಿಂತು, ಬಾವಿಯಿಂದ ಇನ್ನೊಂದು ಕೊಡ ಸೇದತೊಡಗಿದಳು.